ಕಿರಿಮಂಜೇಶ್ವರದ ಕಡಲ ಬದಿಗೆ ಡಿಜಿಟಲ್ ಕ್ಯಾಮೆರಾ ಬಂದ ಕಾಲ

ಮನೆಮಂದಿಯೇ ಹಿಡಿದು ಬಳಸುವ ಸಣ್ಣ ಡಿಜಿಟಲ್ ಕ್ಯಾಮೆರಾ ಕುಂದಾಪುರ, ಬೈಂದೂರು ಸೀಮೆಯಲ್ಲಿ ಕಾಣಿಸತೊಡಗಿದ್ದು 2000ನೇ ಇಸವಿಯ ನಂತರ. ಎಷ್ಟೋ ಮನೆಗಳಿಗೆ ಅದು ಊರಿನ ಅಂಗಡಿಯಿಂದ ಬರಲಿಲ್ಲ. ದುಬೈ, ಕುವೈತ್, ಮಸ್ಕತ್ತಿನಲ್ಲಿ ದುಡಿಯುವವರು ರಜೆಗೆ ಬರುವಾಗ ತಂದರು. ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ನೆಲೆ ನಿಂತವರು ಮದುವೆಗೋ ಹಬ್ಬಕ್ಕೋ ಊರಿಗೆ ಬಂದಾಗ ಕೈಚೀಲದಲ್ಲಿಟ್ಟು ತಂದರು. ಇನ್ನು ಕೆಲವರು ಬೈಂದೂರು, ಶಿರೂರು ದಾಟಿ ಭಟ್ಕಳದ ವಿದೇಶಿ ಸಾಮಾನಿನ ಅಂಗಡಿಗಳಲ್ಲಿ ಕೊಂಡರು. ಕಿರಿಮಂಜೇಶ್ವರದಂಥ ಊರಿಗೆ ಈ ದಾರಿಯೇ ಸಹಜ. ಅಗಸ್ತ್ಯೇಶ್ವರ ದೇವಸ್ಥಾನದ ಈ ಗ್ರಾಮ ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಹೆದ್ದಾರಿಯ ಬದಿಯಲ್ಲಿದೆ. ಪಶ್ಚಿಮಕ್ಕೆ ಕೊಡೇರಿಯ ಕಡಲು, ಪೂರ್ವಕ್ಕೆ ಗದ್ದೆ, ತೋಟ, ಹಾಡಿ. ಮೀನುಗಾರಿಕೆ, ಬೇಸಾಯದ ಜೊತೆಗೆ ಪರವೂರಿನ ದುಡಿಮೆಯೂ ಇಲ್ಲಿನ ಮನೆಗಳನ್ನು ನಡೆಸಿಕೊಂಡು ಬಂದಿದೆ.

ಆ ಕ್ಯಾಮೆರಾ ಏನನ್ನು ಬದಲಿಸಿತೆಂದು ತಿಳಿಯಲು, ಅದಕ್ಕೆ ಮೊದಲು ಪಟ ತೆಗೆಸುವುದೆಂದರೆ ಏನಾಗಿತ್ತು ಎಂಬುದನ್ನು ನೋಡಬೇಕು.

ಕರಾವಳಿಗೆ ಛಾಯಾಚಿತ್ರ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲೇ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಆ ಶತಮಾನದ ಉತ್ತರಾರ್ಧದಿಂದ ತಮ್ಮ ಶಾಲೆ, ಹಂಚಿನ ಕಾರ್ಖಾನೆ, ಸುತ್ತಲಿನ ಜನರ ಚಿತ್ರ ತೆಗೆದು ಸ್ವಿಟ್ಜರ್ಲೆಂಡಿಗೆ ಕಳಿಸುತ್ತಿದ್ದರು. ಅವು ಇಂದಿಗೂ ಬಾಸೆಲ್ಲಿನ ಮಿಷನ್ ಪತ್ರಾಗಾರದಲ್ಲಿವೆ. ಆ ಚಿತ್ರಗಳಲ್ಲಿ ಊರವರು ಕ್ಯಾಮೆರಾದ ಎದುರಿಗಿದ್ದರು. ಹಿಂದೆ ನಿಂತವರು ಪರದೇಶದವರು. ಊರವರೇ ಕ್ಯಾಮೆರಾದ ಹಿಂದೆ ನಿಂತದ್ದಕ್ಕೆ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರಿಗಿಂತ (1902–1997) ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿಲ್ಲ. 1930ರ ಹೊತ್ತಿಗೇ ಅವರು ‘ಡೊಮಿಂಗೊ’ ಎಂಬ ಮೂಕಿ ಚಿತ್ರ ಮಾಡಿದ್ದರು. ಯಕ್ಷಗಾನ, ಶಿಲ್ಪಗಳ ಅಧ್ಯಯನದಲ್ಲೂ ಕ್ಯಾಮೆರಾ ಅವರ ಸಂಗಾತಿಯಾಗಿತ್ತು. ಆದರೆ ಕಾರಂತರಿಗೆ ಸಾಧ್ಯವಾದದ್ದು ಗೇಣಿ ಗದ್ದೆ ಮಾಡುವ, ಬಲೆ ಬೀಸುವ ಮನೆಗಳಿಗೆ ಸಾಧ್ಯವಿರಲಿಲ್ಲ.

ಆ ಮನೆಯವರ ಪಾಲಿಗೆ ಪಟ ಎಂದರೆ ಸ್ಟುಡಿಯೊ. ಪೇಟೆಗೆ ಹೋಗಿ, ಚಿತ್ರ ಬರೆದ ಪರದೆಯ ಮುಂದೆ ಕುರ್ಚಿಯಲ್ಲಿ ಕೂತು, ಹೇಳಿದಾಗ ಅಲುಗಾಡದೆ ತೆಗೆಸಿಕೊಳ್ಳಬೇಕು. ಉಳಿದದ್ದೆಲ್ಲ ಕತ್ತಲೆಕೋಣೆಯ ಕೆಲಸ: ಕೆಂಪು ದೀಪ, ಡೆವಲಪರ್, ಹೈಪೋ, ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಕಲೆ ತಿದ್ದುವುದು. ಮುದ್ರಿಸಿದ ಪ್ರತಿ ಗಿರಾಕಿಗೆ ಹೋದರೆ ನೆಗೆಟಿವ್ ಸ್ಟುಡಿಯೊದಲ್ಲೇ ಉಳಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು, ಶಾಲೆ ಬಿಡುವ ವರ್ಷ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಅರ್ಜಿಗೆ ಇನ್ನೊಂದು. ಹೀಗೆ ಬದುಕಿನಲ್ಲಿ ನಾಲ್ಕಾರು ಸಲವಷ್ಟೇ. ಹಿರಿಯರು ತೀರಿಕೊಂಡಾಗ ಗೋಡೆಗೆ ಹಾಕಲು ಪಟವಿಲ್ಲದೆ, ಯಾರದೋ ಮದುವೆಯ ಗ್ರೂಪ್ ಫೋಟೊದ ಮೂಲೆಯಲ್ಲಿದ್ದ ಉಗುರಿನಷ್ಟು ಮುಖವನ್ನು ದೊಡ್ಡದು ಮಾಡಿಸಿದ ಮನೆಗಳು ಎಷ್ಟೋ. ಹಾಗೆ ದೊಡ್ಡದಾದ ಮುಖದಲ್ಲಿ ಕಣ್ಣು, ಮೂಗು ಮಸುಕಾಗುತ್ತಿತ್ತು. ಸ್ಟುಡಿಯೊದವರು ಕುಂಚ ಹಿಡಿದು ಗೆರೆ ಕೂಡಿಸುತ್ತಿದ್ದರು. 1993ರಲ್ಲಿ ಟಿ.ಎನ್. ಶೇಷನ್ ಅವರ ಕಾಲದ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಜಾರಿಗೆ ತಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಮತದಾರರನ್ನು ಸಾಲಾಗಿ ಕೂರಿಸಿ ಪಟ ತೆಗೆದರು. ಸ್ಟುಡಿಯೊ ಮೆಟ್ಟಿಲು ಹತ್ತದ ಅಜ್ಜಿಯರಿಗೆ ಅದೇ ಮೊದಲ ಪಟ.

ಮನೆಯಲ್ಲಿ ಕ್ಯಾಮೆರಾ ಇದ್ದವರೇ ಇರಲಿಲ್ಲವೆಂದಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಅನುಕೂಲಸ್ಥರ ಮನೆಗಳಲ್ಲಿ, ಹವ್ಯಾಸವಿದ್ದ ಮೇಷ್ಟ್ರುಗಳ ಕೈಯಲ್ಲಿ ಇರುತ್ತಿತ್ತು. ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಬಿಟ್ಟರೆ ಅದರಲ್ಲಿ ಹೊಂದಿಸಲು ಹೆಚ್ಚೇನೂ ಇಲ್ಲ. 120 ನಮೂನೆಯ ರೋಲಿನಲ್ಲಿ 12 ಚೌಕ ಚಿತ್ರಗಳು. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ದೇಶದೊಳಗಿನ ಫಿಲ್ಮನ್ನೇ ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ಹಾಟ್ ಶಾಟ್‌ನಂಥ ಅಗ್ಗದ ಕ್ಯಾಮೆರಾಗಳು ಬಂದವು. ಬಣ್ಣದ 35 ಮಿ.ಮೀ. ರೋಲು 36 ಚಿತ್ರ ಕೊಟ್ಟಿತು. ಸಂಖ್ಯೆ 12ರಿಂದ 36ಕ್ಕೆ ಏರಿದರೂ ಎಣಿಕೆ ತಪ್ಪಲಿಲ್ಲ. ರೋಲಿಗೆ ದುಡ್ಡು, ತೊಳೆಸಲು ದುಡ್ಡು, ಪ್ರತಿಗೆ ದುಡ್ಡು. ರೋಲು ಪೂರ್ತಿಯಾಗದೆ ತೊಳೆಸುವಂತೆಯೂ ಇಲ್ಲ. ಚೌತಿಗೆ ಶುರುವಾದ ರೋಲು ದೀಪಾವಳಿಯ ತನಕ ಕ್ಯಾಮೆರಾದೊಳಗೇ ಇರುತ್ತಿತ್ತು.

ಈ ಎಣಿಕೆಯೇ ಯಾವುದರ ಪಟ ತೆಗೆಯಬೇಕೆಂದು ತೀರ್ಮಾನಿಸುತ್ತಿತ್ತು. ಮದುಮಕ್ಕಳು, ಬಾಳೆಲೆ ಪಂಕ್ತಿ, ತೇರು, ಮಗುವಿನ ಹುಟ್ಟುಹಬ್ಬ ಇಷ್ಟಕ್ಕೆ ರೋಲು ಮುಗಿಯುತ್ತಿತ್ತು. ಒಲೆಯ ಮುಂದಿನ ಅಡುಗೆಮನೆ, ನಟ್ಟಿಯ ಸಾಲು, ದೋಣಿ ದಡಕ್ಕೆ ಎಳೆಯುವ ಕೈಗಳು, ಬಲೆ ಹೆಣೆಯುತ್ತ ಕೂತ ಅಜ್ಜ ಇವೆಲ್ಲ ದಿನವೂ ಕಣ್ಣೆದುರಿಗಿದ್ದವು, ಆದ್ದರಿಂದಲೇ ಪಟಕ್ಕೆ ಹೊರಗಾದವು. ಇಂದು ಹಳೆಯ ಆಲ್ಬಮ್ಮುಗಳಲ್ಲಿ ಈ ಊರುಗಳ ದುಡಿಮೆಯನ್ನು ಹುಡುಕಿದರೆ ಸಿಗುವುದು ಬಹಳ ಕಡಿಮೆ. ಇದು ದೊಡ್ಡ ನಷ್ಟ.

ಕಟ್ಟಿಹಾಕಿದ್ದ ಈ ಎಣಿಕೆಯನ್ನು ಡಿಜಿಟಲ್ ಕ್ಯಾಮೆರಾ ಬಿಚ್ಚಿತು. ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಸಿಸಿಡಿ ಎಂಬ ಚಿಪ್ಪನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅದನ್ನು ಬಳಸಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಅದು ಕಪ್ಪುಬಿಳುಪಿನ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಬೆನ್ನ ಮೇಲೆ ಪುಟ್ಟ ಪರದೆಯಿದ್ದು, ತೆಗೆದ ಚಿತ್ರವನ್ನು ಅಲ್ಲೇ ನೋಡಬಹುದಾದ ಕ್ಯಾಸಿಯೊ ಕ್ಯೂವಿ-10 ಬಂದದ್ದು 1995ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಕ್ಯಾನನ್ ಪವರ್‌ಶಾಟ್, ಸೋನಿ ಸೈಬರ್‌ಶಾಟ್, ನಿಕಾನ್ ಕೂಲ್‌ಪಿಕ್ಸ್, ಕೊಡಾಕ್ ಈಸಿಶೇರ್ ಲೋಕದ ತುಂಬ ಹರಡಿದವು. ಕಿರಿಮಂಜೇಶ್ವರದ ಆಸುಪಾಸಿಗೆ ಬಂದವೂ ಇವೇ.

ಹೊಸ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂದ ದಿನ ಕಲಿಯಬೇಕಾದದ್ದು ಬಹಳವಿತ್ತು, ಕಲಿಸುವವರು ಕಡಿಮೆ. ಮೊದಲ ತೊಡಕು ಬ್ಯಾಟರಿಯದು. ಎಷ್ಟೋ ಮಾದರಿಗಳು ಎರಡು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತಿದ್ದವು. ರೇಡಿಯೊಗೆ ತಿಂಗಳುಗಟ್ಟಲೆ ಬರುವ ಮಾಮೂಲಿ ಸೆಲ್ಲು ಇಲ್ಲಿ ಕೆಲವೇ ಚಿತ್ರಗಳಿಗೆ ಸೋಲುತ್ತಿತ್ತು. ಪರದೆ, ಫ್ಲ್ಯಾಶ್, ಲೆನ್ಸ್ ಚಾಚುವ ಮೋಟಾರು ಎಲ್ಲವೂ ಒಮ್ಮೆಗೇ ಜಗ್ಗುವಷ್ಟು ವಿದ್ಯುತ್ತನ್ನು ಅದು ಕೊಡಲಾರದು. ಚಾರ್ಜ್ ಮಾಡುವ ನಿಕಲ್ ಸೆಲ್ಲುಗಳನ್ನು ಕೊಂಡ ಮೇಲೆಯೇ ಕ್ಯಾಮೆರಾ ಕೆಲಸಕ್ಕೆ ಬಂತು.

ಎರಡನೆಯದು ಕಾರ್ಡು. ಪೆಟ್ಟಿಗೆಯಲ್ಲಿ ಕೊಡುತ್ತಿದ್ದ 16 ಎಂಬಿ ಕಾರ್ಡಿನಲ್ಲಿ ದೊಡ್ಡ ಅಳತೆಯ ಹತ್ತು ಹನ್ನೆರಡು ಚಿತ್ರ ಹಿಡಿಯುತ್ತಿದ್ದವು, ಅಂದರೆ ಕ್ಲಿಕ್ 3ರ ರೋಲಿನಷ್ಟೇ. ಹೆಚ್ಚು ಹಿಡಿಸಲೆಂದು ಅಳತೆಯನ್ನು 640×480ಕ್ಕೆ ಇಳಿಸಿದವರು ಬಹಳ. ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಆ ಚಿತ್ರಗಳು ಕಾಗದಕ್ಕೆ ಬಂದಾಗ ಒಡೆದವು. 4×6 ಅಂಗುಲದ ಪ್ರತಿ ಸ್ವಚ್ಛವಾಗಿ ಬರಲು ಸುಮಾರು 2 ಮೆಗಾಪಿಕ್ಸೆಲ್ ಬೇಕು. 640×480 ಎಂದರೆ ಅದರ ಆರನೇ ಒಂದು ಪಾಲಿಗಿಂತಲೂ ಕಡಿಮೆ.

ಮೂರನೆಯದು ಗುಂಡಿ ಒತ್ತುವ ಕ್ರಮ. ಫಿಲ್ಮ್ ಕ್ಯಾಮೆರಾದ ರೂಢಿಯಲ್ಲಿ ಒಮ್ಮೆಗೇ ಒತ್ತಿದರೆ ಡಿಜಿಟಲ್ ಕ್ಯಾಮೆರಾ ಮೊದಲು ಫೋಕಸ್ ಹುಡುಕಿ, ಬೆಳಕು ಅಳೆದು, ಆಮೇಲೆ ಚಿತ್ರ ತೆಗೆಯುತ್ತದೆ. ಅಷ್ಟರಲ್ಲಿ ಧಾರೆಯ ನೀರು ಬಿದ್ದಾಗಿರುತ್ತದೆ, ಮಗು ಮುಖ ತಿರುಗಿಸಿರುತ್ತದೆ. ಗುಂಡಿಯನ್ನು ಅರ್ಧ ಒತ್ತಿ, ಪರದೆಯ ಚೌಕ ಹಸಿರಾಗುವ ತನಕ ಹಾಗೇ ಹಿಡಿದು, ಗಳಿಗೆ ನೋಡಿ ಉಳಿದರ್ಧ ಒತ್ತುವುದು ಕೈಗೆ ಹತ್ತಿದವರ ಚಿತ್ರಗಳು ಬೇರೆಯೇ ಆದವು. ಡಿಜಿಟಲ್ ಜೂಮ್ ಬರಿಯ ಹಿಗ್ಗಿಸುವಿಕೆ, ನಿಜವಾದದ್ದು ಲೆನ್ಸಿನ 3 ಪಟ್ಟು ಜೂಮ್ ಮಾತ್ರ ಎಂಬುದು, ಫ್ಲ್ಯಾಶ್‌ನ ಬೆಳಕು ಮೂರು ಮೀಟರಿನಾಚೆ ಮುಟ್ಟುವುದಿಲ್ಲ ಎಂಬುದು ತೆಗೆದ ಚಿತ್ರ ನೋಡಿ ನೋಡಿಯೇ ತಿಳಿಯಿತು. ತಪ್ಪನ್ನು ಆ ಕ್ಷಣವೇ ಕಂಡು, ಖರ್ಚಿಲ್ಲದೆ ಇನ್ನೊಮ್ಮೆ ತೆಗೆಯಬಹುದಾದದ್ದು ದೊಡ್ಡ ಪಾಠಶಾಲೆ. ಇಸವಿ, ತಾರೀಕು ಹೊಂದಿಸುವುದನ್ನು ಮಾತ್ರ ಬಹುಪಾಲು ಜನ ಬಿಟ್ಟುಬಿಟ್ಟರು. ಯಾವ ಮದುವೆ ಯಾವ ವರ್ಷದ್ದು ಎಂದು ಇಂದು ಗೊಂದಲವಾಗುವುದಕ್ಕೆ ಇದೂ ಒಂದು ಕಾರಣ.

ಈ ಸೀಮೆಯಲ್ಲಿ ಕ್ಯಾಮೆರಾಕ್ಕೆ ಕಠಿಣ ಪರೀಕ್ಷೆಯೆಂದರೆ ರಾತ್ರಿಯ ಯಕ್ಷಗಾನದ ಆಟ. ಮಾರಣಕಟ್ಟೆ, ಮಂದಾರ್ತಿ ಮೇಳಗಳ ಹರಕೆ ಆಟಗಳು ಮಳೆ ಮುಗಿದ ಮೇಲೆ ಶುರುವಾಗಿ ಮತ್ತೆ ಮಳೆ ಬರುವ ತನಕ ಊರೂರಿನಲ್ಲಿ ನಡೆಯುತ್ತವೆ. ವೇಷಧಾರಿ ನಿಲ್ಲುವವನಲ್ಲ, ಸುತ್ತುವವನು, ಮಂಡಿ ಹಾಕುವವನು. ಫ್ಲ್ಯಾಶ್ ಹಾಕಿದರೆ ಎದೆಕಟ್ಟು, ಭುಜಕೀರ್ತಿಗಳ ಚಿನ್ನದ ಬಣ್ಣಕ್ಕೆ ಬೆಳಕು ಬಡಿದು ಬಿಳಿಚುತ್ತದೆ, ಮುಖವರ್ಣಿಕೆಯ ಗೆರೆ ಅಳಿಸಿಹೋಗುತ್ತದೆ, ಹಿಂದಿನ ಭಾಗವತರು ಕತ್ತಲೆಯಲ್ಲಿ ಮುಳುಗುತ್ತಾರೆ. ಫ್ಲ್ಯಾಶ್ ಬಿಟ್ಟರೆ ಚಿತ್ರ ಕದಲುತ್ತದೆ. ಬೆಳಕಿಗೆ ತಕ್ಕಂತೆ ಐಎಸ್‌ಒ ಎಂಬ ಸಂವೇದನೆಯ ಅಳತೆಯನ್ನು ಏರಿಸುವ ಅನುಕೂಲ ಡಿಜಿಟಲ್ ಕ್ಯಾಮೆರಾದಲ್ಲಿತ್ತು; ಫಿಲ್ಮಿನಲ್ಲಾದರೆ ರೋಲು ಪೂರ್ತಿ ಒಂದೇ ವೇಗ. ಆದರೆ ಸಣ್ಣ ಕ್ಯಾಮೆರಾದ ಸೆನ್ಸರ್ ಬಹಳ ಕಿರಿದು. ಫಿಲ್ಮಿನ ಒಂದು ಚೌಕಟ್ಟು 36×24 ಮಿ.ಮೀ. ಇದ್ದರೆ ಇದರ ವಿಸ್ತೀರ್ಣ ಅದರ ಮೂವತ್ತನೇ ಒಂದು ಪಾಲಿಗೂ ಕಡಿಮೆ. ಐಎಸ್‌ಒ 400 ದಾಟಿದರೆ ಮುಖದ ತುಂಬ ಬಣ್ಣದ ಕಾಳು. ಕಡೆಗೆ ವೇಷ ಕಟ್ಟುವ ಚೌಕಿಯೇ ಕಲಿಯುವವರಿಗೆ ಒದಗಿತು. ಅಲ್ಲಿ ಕಲಾವಿದರು ಕನ್ನಡಿ ಹಿಡಿದು ಕದಲದೆ ಕೂತಿರುತ್ತಾರೆ, ಬಲ್ಬು ಮುಖದ ಹತ್ತಿರವೇ ಇರುತ್ತದೆ; ಮೊಣಕೈಯನ್ನು ಕಂಬಕ್ಕೋ ಪೆಟ್ಟಿಗೆಗೋ ಆನಿಸಿದರೆ ಚಿತ್ರ ನಿಲ್ಲುತ್ತದೆ. ಮುಂಡಾಸು ಸುತ್ತುವ, ಕೇದಗೆ ಮುಂದಲೆ ಕಟ್ಟುವ ಹಂತಗಳು ಈ ಕಾಲದಲ್ಲಿ ಹವ್ಯಾಸಿಗಳ ಕೈಯಲ್ಲಿ ಹಿಂದೆಂದಿಗಿಂತ ಹೆಚ್ಚು ದಾಖಲಾದವು. ಡಿಜಿಟಲ್ ಕ್ಯಾಮೆರಾ ಯಕ್ಷಗಾನಕ್ಕೆ ಮಾಡಿದ ಉಪಕಾರ ಇದು.

ಕರಾವಳಿಯ ಹವೆ ಕ್ಯಾಮೆರಾಗಳಿಗೆ ಹಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುವ ಮಳೆಯಲ್ಲಿ ಕಪಾಟಿನಲ್ಲಿಟ್ಟ ಲೆನ್ಸಿನ ಒಳಗೆ ಜೇಡನ ಬಲೆಯಂಥ ಬೂಸ್ಟು ಹಬ್ಬುತ್ತದೆ. ಆಸಾಡಿ (ಆಷಾಢ) ತಿಂಗಳಲ್ಲಿ ಮದುವೆಗಳಿಲ್ಲದೆ ಕ್ಯಾಮೆರಾ ಚೀಲದಲ್ಲೇ ಉಳಿಯುವುದರಿಂದ ಬೂಸ್ಟಿಗೆ ಇನ್ನೂ ಅನುಕೂಲ. ಸ್ಟುಡಿಯೊದವರಿಗೆ ಇದು ಹಳೆಯ ಸಮಸ್ಯೆ. ಮುಚ್ಚಿದ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿ ಬೆಚ್ಚಗಿಡುವುದು, ಸಿಲಿಕಾ ಜೆಲ್ ಪೊಟ್ಟಣ ಹಾಕುವುದು, ವಾರಕ್ಕೊಮ್ಮೆ ಹೊರತೆಗೆದು ಗಾಳಿಯಾಡಿಸುವುದು ಅವರ ಉಪಾಯಗಳು. ಮನೆಯವರು ತಿಳಿಯದೆ ಕೆಡಿಸಿಕೊಂಡರು. ಮರವಂತೆ, ಕೊಡೇರಿಯ ಮರಳು ಇನ್ನೊಂದು ಕಂಟಕ. ಚಾಚಿ ಮಡಚುವ ಲೆನ್ಸಿನ ಸಂದಿಗೆ ಒಂದು ಕಣ ಸಿಕ್ಕಿದರೂ ಅದು ಅರ್ಧಕ್ಕೇ ನಿಂತು, ಪರದೆಯ ಮೇಲೆ ಲೆನ್ಸ್ ದೋಷವೆಂಬ ಸೂಚನೆ ಬರುತ್ತಿತ್ತು. ರಿಪೇರಿ ಪೇಟೆಯಲ್ಲಿ ಆಗುವಂಥದ್ದಲ್ಲ.

ಸ್ಟುಡಿಯೊಗಳ ಪಾಲಿಗೆ ಈ ವರ್ಷಗಳು ಕಷ್ಟದವು. ಕತ್ತಲೆಕೋಣೆಯ ವಿದ್ಯೆ ಕೆಲವೇ ವರ್ಷಗಳಲ್ಲಿ ಉಪಯೋಗ ಕಳೆದುಕೊಂಡಿತು. ನಡುವಯಸ್ಸಿನವರು ಕಂಪ್ಯೂಟರ್ ಮುಂದೆ ಕೂತು ಫೋಟೋಶಾಪ್ ಕಲಿತರು. ಮನೆಮನೆಯ ಕ್ಯಾಮೆರಾದಿಂದ ಸಣ್ಣಪುಟ್ಟ ಸಮಾರಂಭಗಳ ಕೆಲಸ ಕೈತಪ್ಪಿತು. ಮದುವೆ ಉಳಿಯಿತು, ಬೆಳೆಯಿತು ಕೂಡ: ಡಿಎಸ್‌ಎಲ್‌ಆರ್, ಹಾಳೆಯ ತುಂಬ ಚಿತ್ರ ಜೋಡಿಸಿ ಮುದ್ರಿಸುವ ಕರಿಷ್ಮಾ ಆಲ್ಬಮ್, ಆಮೇಲೆ ಮರವಂತೆಯ ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆ ಪ್ರೀ-ವೆಡ್ಡಿಂಗ್ ಚಿತ್ರೀಕರಣ, ಡ್ರೋನು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಛಾಯಾಗ್ರಾಹಕರನ್ನು ಒಟ್ಟುಗೂಡಿಸಿದ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್‌ಗೆ ಕುಂದಾಪುರ–ಬೈಂದೂರು ವಲಯವೂ ಇದೆ.

ಮನೆಯ ಸಣ್ಣ ಕ್ಯಾಮೆರಾದ ಕಾಲ ಮುಗಿದದ್ದು ಬಂದದ್ದಕ್ಕಿಂತ ಬೇಗ. ಜಪಾನಿನ ತಯಾರಕರ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಲೋಕಕ್ಕೆಲ್ಲ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ರವಾನೆಯಾಗಿದ್ದವು. 2021ಕ್ಕೆ ಅದು ಒಂದು ಕೋಟಿಗೂ ಕೆಳಗಿಳಿಯಿತು. ಫೋನು ಆ ಜಾಗ ತುಂಬಿತು. 2016ರಲ್ಲಿ ಜಿಯೊ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ ಚಿತ್ರ ತೆಗೆದ ಗಳಿಗೆಯಲ್ಲೇ ದುಬೈಗೂ ಮುಂಬೈಗೂ ಮುಟ್ಟತೊಡಗಿತು.

ನಡುವಿನ ಆ ಹತ್ತು ಹದಿನೈದು ವರ್ಷಗಳ ಚಿತ್ರಗಳೇ ಈಗ ಹೆಚ್ಚು ಅಪಾಯದಲ್ಲಿವೆ. ಅಡುಗೆಮನೆ, ನಟ್ಟಿ, ದೋಣಿ, ಬಲೆ, ಅಜ್ಜ ಅಜ್ಜಿಯರ ಮಾಮೂಲಿ ದಿನಗಳು ಮೊದಲ ಬಾರಿಗೆ ಧಾರಾಳವಾಗಿ ಸೆರೆಯಾದದ್ದು ಅವುಗಳಲ್ಲಿ. ಸ್ಟುಡಿಯೊ ಪ್ರತಿಗಳು ಅರವತ್ತು ವರ್ಷ ಗೋಡೆಯ ಮೇಲೆ ನಿಂತವು. ಇವುಗಳಲ್ಲಿ ಬಹುಪಾಲು ಕಾಗದಕ್ಕೆ ಇಳಿಯಲೇ ಇಲ್ಲ. ಕಾರ್ಡು ಖಾಲಿ ಮಾಡಲು ಸೈಬರ್ ಕೆಫೆಯಲ್ಲಿ ಸಿಡಿಗೆ ತುಂಬಿಸಿದರು, ಮನೆಯ ಕಂಪ್ಯೂಟರ್ ಕೆಟ್ಟಾಗ ಹಾರ್ಡ್ ಡಿಸ್ಕಿನ ಜೊತೆ ಚಿತ್ರಗಳೂ ಹೋದವು. ಉಳಿದ ಸಿಡಿಗಳಿಗೂ ತೇವ ಹಿಡಿದು ಮೇಲ್ಪದರ ಏಳುತ್ತಿದೆ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅವನ್ನು ಓದುವ ಡ್ರೈವ್ ಇರುವುದಿಲ್ಲ. ಸಿಡಿ ಡ್ರೈವ್ ಇನ್ನೂ ಉಳಿದಿರುವ ಹಳೆ ಕಂಪ್ಯೂಟರಿನಲ್ಲಿ ಅವನ್ನು ಹಾರ್ಡ್ ಡಿಸ್ಕಿಗೆ ಇಳಿಸಿ ಎರಡು ಕಡೆ ಇಡಬಹುದು, ಮುಖ್ಯವಾದವನ್ನು ಕಾಗದಕ್ಕೆ ಮುದ್ರಿಸಬಹುದು. ತಾರೀಕು ತಪ್ಪಿರುವ ಚಿತ್ರಗಳಲ್ಲಿ ಇರುವವರು ಯಾರು, ವರ್ಷ ಯಾವುದು ಎಂದು ಬಲ್ಲ ಹಿರಿಯರನ್ನು ಕೇಳಿ ಬರೆದಿಡುವ ಕೆಲಸವೂ ಇದರ ಜೊತೆಗೇ ಆಗಬೇಕಾಗಿದೆ.