ಚಿಂದಿಯ ಚರಿತ್ರೆ

ಪಟ್ಟಾಭಿಷೇಕಗಳನ್ನೂ ಯುದ್ಧಗಳನ್ನೂ ಬರೆದಿಟ್ಟ ಚರಿತ್ರಕಾರರು ದರ್ಜಿಯ ಕತ್ತರಿಯಿಂದ ನೆಲಕ್ಕೆ ಬಿದ್ದ ಬಟ್ಟೆಯ ಚೂರುಗಳನ್ನು ಲೆಕ್ಕಕ್ಕೆ ತಂದುಕೊಂಡವರಲ್ಲ. ಆದರೂ ಒಂದು ಸಮಾಜವು ತನ್ನ ಸಂಪತ್ತನ್ನು ಯಾವ ದೃಷ್ಟಿಯಿಂದ ನೋಡುತ್ತಿದ್ದಿತೆಂಬುದನ್ನು ಅರಿಯಬೇಕಾದರೆ, ಆ ಚೂರುಗಳ ಗತಿ ಏನಾಯಿತೆಂದು ವಿಚಾರಿಸುವುದು ಒಳ್ಳೆಯ ಮಾರ್ಗ. ಈ ವಿಚಾರಣೆಯನ್ನು ಪ್ರಾಚೀನ ಕಾಲದಲ್ಲಿ ಒಬ್ಬ ಅರಸನೇ ನಡೆಸಿದನೆಂದು ಬೌದ್ಧರ ವಿನಯಪಿಟಕವು ಹೇಳುತ್ತದೆ.

ಬುದ್ಧನ ಪರಿನಿರ್ವಾಣದ ತರುವಾಯ ಆನಂದನು ಕೌಶಾಂಬಿಗೆ ಹೋದನು. ಅಲ್ಲಿಯ ದೊರೆ ಉದಯನ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ವೀಣಾಪ್ರಿಯನಾದ ವತ್ಸರಾಜನೆಂದು ಪರಿಚಿತನಾದವನೇ ಈತ. ಆತನ ಅಂತಃಪುರದ ಸ್ತ್ರೀಯರು ಧರ್ಮೋಪದೇಶವನ್ನು ಕೇಳಿ ಸಂತುಷ್ಟರಾಗಿ ಆನಂದನಿಗೆ 500 ಉತ್ತರೀಯಗಳನ್ನು ಕೊಟ್ಟರು. ದೊರೆಗೆ ಇದು ಸರಿಬೀಳಲಿಲ್ಲ. ಈ ಸಂನ್ಯಾಸಿಯು ಬಟ್ಟೆಯ ವ್ಯಾಪಾರ ಹೂಡುವನೋ, ಅಂಗಡಿ ತೆರೆಯುವನೋ ಎಂದು ಶಂಕಿಸಿ ಆತನನ್ನೇ ಕೇಳಿದನು. ಚೀವರ ಹಳತಾದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನು ಉತ್ತರವಿತ್ತನು. ಹಾಗಾದರೆ ಆ ಹಳೆಯ ಚೀವರಗಳನ್ನು ಏನು ಮಾಡುವಿರಿ? ಹಾಸಿಗೆಯ ಮೇಲುಹೊದಿಕೆ ಮಾಡುವೆವು. ಹಳೆಯ ಮೇಲುಹೊದಿಕೆಗಳು ಹಾಸಿಗೆಯ ಗವುಸುಗಳಾಗುವುವು. ಹಳೆಯ ಗವುಸುಗಳು ನೆಲಹಾಸುಗಳಾಗುವುವು. ಅವು ಸವೆದರೆ ಕಾಲೊರಸುಗಳು. ಕಾಲೊರಸುಗಳೂ ಸವೆದರೆ ಧೂಳು ಒರಸುವ ಅರಿವೆಗಳು. ಅವೂ ಹಳತಾದರೆ? ಕುಟ್ಟಿ, ಮಣ್ಣಿನಲ್ಲಿ ಕಲಸಿ, ನೆಲಕ್ಕೆ ಮೆತ್ತುವೆವು. ದೊರೆಯು ಪ್ರಸನ್ನನಾಗಿ ಮತ್ತೆ 500 ವಸ್ತ್ರಗಳನ್ನು ದಾನ ಮಾಡಿದನು.

ಬಹುಕಾಲ ಬಾಯಿಂದ ಬಾಯಿಗೆ ಬಂದು ಆಮೇಲೆ ಬರಹಕ್ಕಿಳಿದ ಈ ಕಥೆಯ ಪ್ರತಿಯೊಂದು ಮಾತೂ ಹಾಗೆಯೇ ನಡೆಯಿತೆಂದು ಹೇಳಬೇಕಾಗಿಲ್ಲ. ಆದರೆ ಇದನ್ನು ಕಾಪಾಡಿಕೊಂಡು ಬಂದವರಿಗೆ ಒಂದು ಆತಂಕವಿದ್ದುದು ಸ್ಪಷ್ಟ. ಕದುರಿನಿಂದ ನೂಲು ತೆಗೆದು ಕೈಮಗ್ಗದಲ್ಲಿ ನೆಯ್ಯುತ್ತಿದ್ದ ಕಾಲದಲ್ಲಿ ಒಂದೊಂದು ಉತ್ತರೀಯವೂ ಬಹು ದಿನಗಳ ದುಡಿಮೆ. ಪರರ ದುಡಿಮೆಯಿಂದ ಬದುಕುವ ಸಂಸ್ಥೆಯು ದಾನವಾಗಿ ಬಂದ ಪ್ರತಿಯೊಂದು ಎಳೆಗೂ ಲೆಕ್ಕ ಒಪ್ಪಿಸಬೇಕು. ಆನಂದನು ಒಪ್ಪಿಸಿದುದು ಆ ಲೆಕ್ಕವನ್ನೇ.

ಚೀವರದ ಹೊಲಿಗೆಯಲ್ಲಿಯೂ ಇದೇ ಎಚ್ಚರಿಕೆ ಕಾಣುತ್ತದೆ. ಮೊದಲು ಭಿಕ್ಷುಗಳು ಸ್ಮಶಾನದಲ್ಲಿಯೂ ಕಸದ ರಾಶಿಯಲ್ಲಿಯೂ ಬಿದ್ದ ಚಿಂದಿಯನ್ನು ಆರಿಸಿ ಉಡುತ್ತಿದ್ದರು. ಅದಕ್ಕೆ ಪಾಂಸುಕೂಲವೆಂದು ಹೆಸರು. ವೈದ್ಯನಾದ ಜೀವಕನ ಪ್ರಾರ್ಥನೆಯ ಮೇಲೆ ಗೃಹಸ್ಥರು ಕೊಟ್ಟ ವಸ್ತ್ರಕ್ಕೂ ಅನುಮತಿ ದೊರೆಯಿತು. ಬಳಿಕ ಬುದ್ಧನು, ಬದುಗಳಿಂದ ವಿಂಗಡವಾದ ಮಗಧದ ಗದ್ದೆಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ಚೀವರವನ್ನು ಹೊಲಿಯಬಲ್ಲೆಯಾ ಎಂದು ಆನಂದನನ್ನು ಕೇಳಿದನು. ಹೀಗೆ ಕತ್ತರಿಸಿದ ಬಟ್ಟೆ ಶ್ರಮಣರಿಗೆ ತಕ್ಕದ್ದು, ಕಳ್ಳಕಾಕರಂಥ ಅಹಿತರು ಆಶೆಪಡದಂಥದು. ಇಡೀ ವಸ್ತ್ರವನ್ನು ತುಂಡರಿಸಿ ಅದರ ಬೆಲೆಯನ್ನು ಬೇಕೆಂದೇ ಇಳಿಸಿದುದು ಇಲ್ಲಿಯ ವಿಶೇಷ.

ಈ ತುಂಡುಹೊಲಿಗೆಯು ಧರ್ಮದೊಡನೆ ದೂರ ಪ್ರಯಾಣ ಮಾಡಿತು. ಚೀನದ ದುನ್‌ಹುವಾಂಗಿನ ಗುಹೆಯಿಂದ 1907ರಲ್ಲಿ ಆರೆಲ್ ಸ್ಟೈನರು ತಂದ ವಸ್ತುಗಳಲ್ಲಿ ಬಗೆಬಗೆಯ ಹಳೆಯ ರೇಷ್ಮೆಯ ಚೂರುಗಳನ್ನು ಕೂಡಿಸಿ ಹೊಲಿದ ವಸ್ತ್ರವೊಂದುಂಟು. ಜಪಾನಿನ ನಾರಾ ನಗರದಲ್ಲಿ 756ರಲ್ಲಿ ಷೋಮು ಚಕ್ರವರ್ತಿಯ ಮರಣಾನಂತರ ಆತನ ರಾಣಿಯು ತೋದೈಜಿ ದೇವಾಲಯಕ್ಕೆ ಅರ್ಪಿಸಿದ ಭಂಡಾರದ ಪಟ್ಟಿಯು ಆರಂಭವಾಗುವುದು ಒಂಬತ್ತು ಕಾಷಾಯಗಳಿಂದ. ಚಿಂದಿಯ ಉಡುಪು ಅರಮನೆಯ ಒಡವೆಗಳಿಗಿಂತ ಮೇಲಿನ ಸ್ಥಾನವನ್ನು ಪಡೆಯಿತು.

ನಮ್ಮ ನಾಡಿನ ಕೌದಿಯದು ಇದಕ್ಕೆ ವಿಪರೀತವಾದ ಮಾರ್ಗ. ಭಿಕ್ಷುವು ಬೆಲೆಯುಳ್ಳುದನ್ನು ಕತ್ತರಿಸಿದನು. ಉತ್ತರ ಕರ್ಣಾಟಕದ ಗೃಹಿಣಿಯು ಬೆಲೆಯಿಲ್ಲದ ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಕೂಡಿಸಿ ಚಳಿಗೆ ಹೊದಿಕೆ ಮಾಡಿದಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳು ವಿಶೇಷ ಗಮನಾರ್ಹವಾದುವು. ಇವರ ಪೂರ್ವಿಕರು ಆಫ್ರಿಕದಿಂದ, ಬಹುಮಟ್ಟಿಗೆ ಪೋರ್ಚುಗೀಸರ ಗೋವೆಯ ಮೂಲಕ, ದಾಸರಾಗಿ ತರಲ್ಪಟ್ಟವರು. ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿಗೆ ಹೊಲಿಯುತ್ತ ಹೋಗುವುದು ಇವರ ಪದ್ಧತಿ. ಮೂಲೆಗಳಿಗೆ ಫುಲಾ, ಅಂದರೆ ಹೂವು, ಎಂಬ ಮಡಿಕೆಯ ತುಣುಕುಗಳನ್ನು ಕೂರಿಸುತ್ತಾರೆ. ಬಡತನದಿಂದ ಹುಟ್ಟಿದ ಹೊದಿಕೆಗೂ ಹೂವು ಬೇಕೆಂದ ಈ ಸ್ತ್ರೀಯರಿಗೆ ವಿನಯಪಿಟಕದಂಥ ದಾಖಲೆ ಇಲ್ಲ. ಅವರ ಹೊಲಿಗೆಯೇ ಅವರ ದಾಖಲೆ.

ಯಂತ್ರಗಳು ಬಟ್ಟೆಯನ್ನು ಅಗ್ಗಮಾಡಿದುವು. ಅದರಿಂದ ಬಡವರ ಮೈಗೂ ಬಟ್ಟೆ ದೊರೆಯಿತೆಂಬುದನ್ನು ಮರೆಯಲಾಗದು. ಆದರೆ ಆನಂದನ ಲೆಕ್ಕದ ಕೊನೆಯ ಬಾಬಿಗೆ ಈಗ ತೊಡಕು ಬಂದಿದೆ. ಆತನ ಅರಿವೆ ಮಣ್ಣಿನೊಡನೆ ಮಣ್ಣಾಗುವಂಥದು. ಪಾಲಿಯೆಸ್ಟರ್ ಬೆರೆತ ಇಂದಿನ ಚೂರು ಹಾಗೆ ಕರಗದು. ಬಹುಕಾಲ ನೆಲದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಉದಯನನು ಹಳೆಯ ಅರಿವೆಯನ್ನು ಕುರಿತು ಕೇಳಿದ ಪ್ರಶ್ನೆಯನ್ನು ಇಂದು ಹೊಸ ಬಟ್ಟೆಯನ್ನು ಕೊಳ್ಳುವಾಗಲೇ ಕೇಳಿಕೊಳ್ಳುವುದು ಯುಕ್ತವಾಗಿ ತೋರುತ್ತದೆ.