ಮಳೆಗಾಲ ಮತ್ತು ಮಂಗಳೂರು ಹಂಚು

ಕರಾವಳಿಯ ನಮ್ಮ ಹಿರಿಯರಿಗೆ ಮಳೆಗಾಲದ ಸಿದ್ಧತೆಯೆಂದರೆ ಮೊದಲು ಮನೆಯ ಮಾಡು ಹೊದೆಸುವುದು. ಮುಳಿಹುಲ್ಲು ಮಳೆಗೆ ಕೊಳೆಯುತ್ತಿತ್ತು. ಬೇಸಿಗೆ ಮುಗಿಯುವ ಮೊದಲು ನೆರೆಕರೆಯವರು ಕೂಡಿ ಹೊಸದನ್ನು ಹೊದೆಸುತ್ತಿದ್ದರು. ಕಿಡಿ ತಾಗಿದರೆ ಮನೆಯೇ ಭಸ್ಮ.

1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ತೆರೆದರು. ಜೇಡಿಮಣ್ಣನ್ನು ಸುಟ್ಟಾಗ ಅದರ ರಚನೆಯಲ್ಲೇ ಸೇರಿಕೊಂಡ ನೀರಿನಂಶ ಹೊರಟುಹೋಗುತ್ತದೆ. ಆಮೇಲೆ ಎಷ್ಟೇ ಮಳೆ ಸುರಿದರೂ ಅದು ಕೆಸರಾಗದು. ಒಂದರ ಅಂಚು ಇನ್ನೊಂದರ ಮೇಲೆ ಕೂರುವುದರಿಂದ ನೀರು ಜಾರಿಹೋಗುತ್ತದೆ; ಅಡುಗೆಮನೆಯ ಹೊಗೆ ಮಾತ್ರ ಸಂದಿನಿಂದ ಹೊರಬೀಳುತ್ತದೆ.

ವರ್ಷವರ್ಷದ ಹೊದಿಕೆ ತಪ್ಪಿತು. ತರಗೆಲೆ ಗುಡಿಸಿ, ಒಡೆದ ಹಂಚು ಬದಲಿಸುವ ಕೆಲಸವಷ್ಟೇ ಉಳಿಯಿತು. ಆದರೆ ಅದಕ್ಕೂ ಮಾಡು ಹತ್ತುವವರು ಬೇಕಲ್ಲ! ಊರಲ್ಲಿ ವಯಸ್ಸಾದ ತಂದೆತಾಯಿ; ನಾವೆಲ್ಲ ಇಲ್ಲಿ. ಮೇ ತಿಂಗಳಲ್ಲಿ ಊರಿಗೆ ಹೋದಾಗ, ನೆಂಟರ ಮನೆಗಳಿಗೆ ಹೊರಡುವ ಮೊದಲು ಒಂದು ಏಣಿ ಹುಡುಕೋಣ.