ಮಣೂಕದ ಶೆಡ್ಡಿನಲ್ಲಿ ಉಷ್ಣ ಮತ್ತು ತಾಪಮಾನ: ಜತ್ತ ಸೀಮೆಯ ಒಂದು ಪರಿಶೀಲನೆ

ಸಹ್ಯಾದ್ರಿಯ ಮಳೆನೆರಳಿನಲ್ಲಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳ ಎಲ್ಲೆಗೆ ತಾಗಿಕೊಂಡಿರುವ ಜತ್ತ ತಾಲ್ಲೂಕು ಸಾಂಗ್ಲಿ ಜಿಲ್ಲೆಯ ಅತ್ಯಂತ ಶುಷ್ಕ ಭಾಗಗಳಲ್ಲೊಂದು. ಮಳೆ ಕೈಕೊಟ್ಟ ವರ್ಷಗಳ ಲೆಕ್ಕವನ್ನೇ ಇಟ್ಟುಕೊಂಡು ಬಾಳಿದ ಸಂಖ, ಉಮದಿ ಮೊದಲಾದ ಕನ್ನಡ ಮಾತಿನ ಊರುಗಳ ಸುತ್ತಮುತ್ತ, ಮಾಘ ಫಾಲ್ಗುಣಗಳಲ್ಲಿ ದ್ರಾಕ್ಷಿಯು ಮಣೂಕವಾಗಿ ಒಣಗುವ ಕ್ರಿಯೆಯನ್ನು ಕೃಷಿಯ ದೃಷ್ಟಿಯಿಂದ ನೋಡಿದವರು ಹಲವರುಂಟು. ಅದನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡಿ, ಉಷ್ಣ ಹಾಗೂ ತಾಪಮಾನಗಳೆಂಬ ಎರಡು ಪರಿಮಾಣಗಳ ನಡುವಣ ಭೇದವು ಅಲ್ಲಿ ಎಷ್ಟು ಸ್ಪಷ್ಟವಾಗಿ ಅಳತೆಗೆ ಸಿಕ್ಕುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಶೆಡ್ಡಿನ ರಚನೆಯನ್ನು ಮೊದಲು ಗಮನಿಸತಕ್ಕದ್ದು. ಕಬ್ಬಿಣದ ಕಂಬಗಳ ನಡುವೆ ಒಂದರ ಮೇಲೊಂದರಂತೆ ಬಿಗಿದ ಬಲೆಗಳ ಅಂತಸ್ತುಗಳು; ಮೇಲೆ ಮುಚ್ಚುಗೆ; ಪಕ್ಕಗಳಲ್ಲಿ ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುವ ಹಸಿರು ಪರದೆ. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟನ್ನೂ ಈಥೈಲ್ ಓಲಿಯೇಟ್ ಎಂಬ ಎಣ್ಣೆಯನ್ನೂ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ಆ ಬಲೆಗಳ ಮೇಲೆ ತೆಳುವಾಗಿ ಹರಡುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಹಚ್ಚಿದಂತೆ ಕಾಣುವ ಮೇಣದ ಪದರವುಂಟಷ್ಟೆ. ಈ ದ್ರಾವಣವು ಅದರ ರಚನೆಯನ್ನು ಸಡಿಲಿಸಿ, ಒಳಗಿನ ನೀರು ಹೊರಬರಲು ದಾರಿ ಮಾಡಿಕೊಡುತ್ತದೆ. ಹಣ್ಣಿಗೆ ಅದರಿಂದ ಒಂದು ಕ್ಯಾಲರಿಯಷ್ಟೂ ಉಷ್ಣ ಸೇರುವುದಿಲ್ಲ. ಆದರೂ ಒಣಗುವ ಅವಧಿಯು ಸುಮಾರು ಎರಡು ವಾರಕ್ಕೆ ಇಳಿಯುತ್ತದೆ. ಒಣಗುವಿಕೆಯು ಬಿಸಿಯೊಂದನ್ನೇ ಅವಲಂಬಿಸಿದ್ದಲ್ಲವೆಂಬುದಕ್ಕೆ ಇದೇ ಮೊದಲ ಸಾಕ್ಷ್ಯ.

ಇನ್ನು ಲೆಕ್ಕಕ್ಕೆ ಬರೋಣ. ಹಸಿ ದ್ರಾಕ್ಷಿಯ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಭಾಗ ನೀರು. ಸಿದ್ಧವಾದ ಮಣೂಕದಲ್ಲಿ ಅದು 15 ಭಾಗದ ಆಸುಪಾಸಿನಲ್ಲಿರುತ್ತದೆ. ಆದುದರಿಂದ 4 ಕಿಲೋಗ್ರಾಂ ಹಣ್ಣಿನಿಂದ 3 ಕಿಲೋಗ್ರಾಮಿಗಿಂತ ತುಸು ಹೆಚ್ಚು ನೀರು ಆವಿಯಾಗಿ ಹೋಗಬೇಕು. ಉಳಿಯುವುದು ಒಂದು ಕಿಲೋಗ್ರಾಮಿಗೆ ಕೊಂಚ ಕಡಮೆ. ಬೆಳಗಿನ 22 ಡಿಗ್ರಿಯ ಹಣ್ಣನ್ನು ಮಧ್ಯಾಹ್ನದ 37 ಡಿಗ್ರಿಗೆ ಏರಿಸುವುದಷ್ಟೇ ಕೆಲಸವಾಗಿದ್ದಲ್ಲಿ, ಆ ನಾಲ್ಕು ಕಿಲೋಗ್ರಾಮಿಗೆ ಸುಮಾರು 216 ಕಿಲೋಜೂಲ್ ಉಷ್ಣ ಸಾಕಾಗುತ್ತಿತ್ತು. ಆದರೆ ಅಂತಹ ತಾಪಮಾನದಲ್ಲಿ ಒಂದು ಕಿಲೋಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 2400 ಕಿಲೋಜೂಲ್ ಬೇಕು. ಒಟ್ಟಿನಲ್ಲಿ 7300 ಕಿಲೋಜೂಲುಗಳಷ್ಟು. ತಾಪಮಾಪಕದ ಪಾದರಸವನ್ನು ಕೂದಲೆಳೆಯಷ್ಟೂ ಕದಲಿಸದೆ ಹಣ್ಣು ನುಂಗಿಕೊಳ್ಳುವ ಈ ಉಷ್ಣವು, ಅದನ್ನು ಬಿಸಿಮಾಡಲು ಬೇಕಾದುದರ ಮೂವತ್ತು ಮಡಿಗೂ ಮಿಕ್ಕಿದ್ದು.

ಈ ಅಗೋಚರ ವೆಚ್ಚವನ್ನು ಮೊತ್ತಮೊದಲು ಪ್ರಮಾಣಬದ್ಧವಾಗಿ ಅಳೆದವನು ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1761–62ರ ಸುಮಾರಿಗೆ ಅವನು, ಒಂದೇ ಬೆಂಕಿಯ ಮೇಲೆ ನೀರು ಕುದಿಗೆ ಬರಲು ಹಿಡಿಯುವ ಕಾಲವನ್ನು ಅದು ಪೂರ್ತಿ ಆರಿಹೋಗಲು ಹಿಡಿಯುವ ಕಾಲದೊಡನೆ ಹೋಲಿಸಿ, ಎರಡನೆಯದು ಎಷ್ಟೋ ಪಾಲು ದೀರ್ಘವಾಗಿದ್ದರೂ ಆ ಉದ್ದಕ್ಕೂ ತಾಪಮಾನ ಏರದಿರುವುದನ್ನು ಕಂಡು, ಅಡಗಿದ ಉಷ್ಣವೆಂಬ ಭಾವನೆಯನ್ನು ಸ್ಥಾಪಿಸಿದನು. ಉಷ್ಣವು ಒಂದು ದ್ರವ್ಯವೆಂಬ ಆ ಕಾಲದ ಮತವು ಮುಂದೆ 1798ರಲ್ಲಿ ರಮ್‌ಫರ್ಡನ ಫಿರಂಗಿ ಕೊರೆತದ ಪ್ರಯೋಗದಿಂದ ಅಲುಗಿ, 1840ರ ದಶಕದಲ್ಲಿ ಜೂಲನ ಅಳತೆಗಳಿಂದ ಕುಸಿಯಿತು. ಬ್ಲ್ಯಾಕನ ಅಳತೆ ಮಾತ್ರ ಉಳಿಯಿತು. ಅಣುಗಳ ಸರಾಸರಿ ಚಲನಶಕ್ತಿಯನ್ನು ಸೂಚಿಸುವುದು ತಾಪಮಾನ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ತಾಪಮಾನದ ಅಂತರದಿಂದಾಗಿ ಹರಿಯುವ ಶಕ್ತಿ ಉಷ್ಣ. ನೀರಿನ ಅಣುಗಳು ಪರಸ್ಪರ ಸೆಳೆತದಿಂದ ಬಿಡಿಸಿಕೊಂಡು ಗಾಳಿಗೆ ಹಾರುವಾಗ ಈ ಶಕ್ತಿಯು ಬಿಡುಗಡೆಯ ಬೆಲೆಯಾಗಿ ಸಲ್ಲುತ್ತದೆಯೇ ಹೊರತು ಚಲನೆಯ ಹೆಚ್ಚಳವಾಗಿ ಕಾಣಿಸಿಕೊಳ್ಳುವುದಿಲ್ಲ.

ನೆರಳಿನಲ್ಲಿರುವ ಹಣ್ಣಿಗೆ ಇಷ್ಟು ಉಷ್ಣ ಎಲ್ಲಿಂದ ಬರಬೇಕು? ಬಹುಮಟ್ಟಿಗೆ ಗಾಳಿಯಿಂದಲೇ. ಒಂದು ಕಿಲೋಗ್ರಾಂ ಗಾಳಿಯು 10 ಡಿಗ್ರಿ ತಣಿದರೆ ಕೊಡುವುದು ಕೇವಲ 10 ಕಿಲೋಜೂಲ್. ಹಾಗಾದರೆ ಆ ನಾಲ್ಕು ಕಿಲೋಗ್ರಾಂ ದ್ರಾಕ್ಷಿಗಾಗಿ 730 ಕಿಲೋಗ್ರಾಂ ಗಾಳಿ, ಅಂದರೆ ಈ ಎತ್ತರದ ಪ್ರದೇಶದಲ್ಲಿ ಸುಮಾರು 700 ಘನಮೀಟರ್, ಹಣ್ಣನ್ನು ಸವರಿ ದಾಟಬೇಕು. ಬಯಲಿನಲ್ಲಿ, ಗಾಳಿಗೆ ಎದೆಯೊಡ್ಡಿ ಶೆಡ್ಡು ನಿಲ್ಲಿಸುವ ರೈತನ ವಿವೇಕಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ. ನೇರ ಬಿಸಿಲಿಗೆ ಹರಡಿದರೆ ಹಣ್ಣಿನ ಮೈ ಗಾಳಿಗಿಂತಲೂ ಬಿಸಿಯಾಗಿ ಬೇಗ ಒಣಗೀತು, ನಿಜ; ಆದರೆ ಬಣ್ಣ ಕಂದುಗಟ್ಟಿ, ಪೇಟೆಯಲ್ಲಿ ಬೆಲೆ ತರುವ ಹಸಿರುಹಳದಿ ಛಾಯೆ ಕೆಡುತ್ತದೆ.

ಗಾಳಿ ಉಷ್ಣವನ್ನು ತಂದರೆ ಸಾಲದು, ಆವಿಯನ್ನು ಹೊತ್ತೊಯ್ಯಲೂ ಬೇಕು. 38 ಡಿಗ್ರಿಯ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 46 ಗ್ರಾಂ ಆವಿ ಹಿಡಿಯುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 20 ಇರುವ ಮಧ್ಯಾಹ್ನ ಅದರಲ್ಲಿರುವುದು 9 ಗ್ರಾಂ ಮಾತ್ರ. ಈ ಎರಡು ಗುಣಗಳನ್ನೂ ಒಟ್ಟಿಗೆ ಹೇಳುವ ಉಪಕರಣ ಅತ್ಯಂತ ಸುಲಭವಾದದ್ದು: ಎರಡು ತಾಪಮಾಪಕಗಳನ್ನು ಜೊತೆಯಾಗಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆ ಅರಿವೆ ಸುತ್ತಿಟ್ಟರಾಯಿತು. ಅಂತಹ ಮಧ್ಯಾಹ್ನದಲ್ಲಿ ಒಣ ತಾಪಮಾಪಕ 38 ತೋರಿಸಿದರೆ ಒದ್ದೆಯದು 21ರ ಸುಮಾರಿಗೆ ನಿಲ್ಲುತ್ತದೆ. ಮನೆಯ ಮೂಲೆಯಲ್ಲಿಟ್ಟ ಹರವಿಯ ನೀರು ತಣ್ಣಗಿರುವುದೂ ಈ ಅಂತರದಿಂದಲೇ. ಶೆಡ್ಡುಗಳಲ್ಲಿ ಒಂಟಿ ತಾಪಮಾಪಕವನ್ನು ನೆಚ್ಚುವುದಕ್ಕಿಂತ ಈ ಜೋಡಿಯನ್ನು ಇಟ್ಟು, ಅವುಗಳ ಅಂತರವನ್ನೇ ದಿನದಿನ ಬರೆದಿಡುವುದು ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಜತ್ತದ ಬರಡುಗಾಳಿಯ ನಿಜವಾದ ಸಂಪತ್ತು ಆ ಅಂತರದಲ್ಲಿದೆ.

ಕ್ರಿಯೆಯ ಉತ್ತರಾರ್ಧದಲ್ಲಿ ಸ್ಥಿತಿ ಬದಲಾಗುತ್ತದೆ. ಸಿಪ್ಪೆ ಸುಕ್ಕುಗಟ್ಟಿ, ಸಕ್ಕರೆ ಸಾಂದ್ರವಾದಂತೆ, ನೀರು ಒಳಗಿನಿಂದ ಮೈಗೆ ಬರುವುದೇ ತಡವಾಗಿ, ಆವಿಯಾಗುವ ವೇಗ ಕುಂದಿ, ಹಣ್ಣಿನ ತಾಪಮಾನ ಗಾಳಿಯ ತಾಪಮಾನವನ್ನು ಸಮೀಪಿಸುತ್ತದೆ. ಆಗ ಗಾಳಿಯ ಬೀಸಿಗಿಂತ ಬಿಸಿಯೇ ಹೆಚ್ಚು ಉಪಕಾರಿ. ಇಷ್ಟರಲ್ಲಿ ಅಕಾಲದ ಮಳೆ ಬಂದರೆ ತಾಪಮಾನ ಹತ್ತು ಡಿಗ್ರಿ ಇಳಿಯಬಹುದು, ಆದರೆ ಹಾನಿ ಆ ಹತ್ತು ಡಿಗ್ರಿಯಿಂದಲ್ಲ: ಎರಡು ತಾಪಮಾಪಕಗಳ ಅಂತರ ಹದಿನೇಳರಿಂದ ಎರಡು ಮೂರಕ್ಕೆ ಕುಗ್ಗಿ, ಒಣಗುವಿಕೆ ನಿಂತು, ಅರೆ ಒಣಗಿದ ಕಾಳಿಗೆ ಬೂಷ್ಟು ಹತ್ತುತ್ತದೆ. ಹನಿ ಬೀಳದಂತೆ ಪ್ಲಾಸ್ಟಿಕ್ ತಾಡಪತ್ರಿಯನ್ನು ಇಳಿಬಿಡುವುದು ಅನಿವಾರ್ಯವೇ. ಆದರೆ ಮಳೆ ನಿಂತೊಡನೆ ಅದನ್ನು ಎತ್ತದಿದ್ದಲ್ಲಿ ಒಳಗಿನ ಗಾಳಿ ಎಷ್ಟೇ ಬೆಚ್ಚಗಿದ್ದರೂ ಆವಿಯಿಂದ ತುಂಬಿ, ಕಾಳಿನಿಂದ ಮತ್ತೊಂದು ಗ್ರಾಂ ನೀರನ್ನೂ ತೆಗೆದುಕೊಳ್ಳಲಾರದು.